ಮುಂಬಯಿಯ ಹೆಸರು ಹೊತ್ತ ರಕ್ತ

ತಂದೆಯ ರಕ್ತ 'ಓ' ಗುಂಪಿನದು, ತಾಯಿಯದೂ 'ಓ'. ಹುಟ್ಟಿದ ಮಗುವಿನದು ಮಾತ್ರ 'ಬಿ'. ಪಾಠಪುಸ್ತಕವನ್ನು ನಂಬುವುದಾದರೆ ಇದು ಅಸಂಭವ. ಪ್ರಯೋಗಾಲಯದ ಚೀಟಿಯೊಂದು ಮನೆಗೆ ಬಂದು ನಿರಪರಾಧಿಯಾದ ಹೆಣ್ಣುಮಗಳ ಶೀಲದ ಮೇಲೆ ಸಂಶಯದ ನೆರಳು ಬೀಳಲು ಇಷ್ಟು ಸಾಲದೆ? ಆದರೆ ಚೀಟಿಯೇ ಅರ್ಧಸತ್ಯವನ್ನು ನುಡಿಯುತ್ತಿರಬಹುದು. ಈ ಒಗಟಿನ ಎಳೆ ಮೊದಲು ಸಿಕ್ಕಿದ್ದು ಠಾಣೆ, ಕಲ್ಯಾಣ, ಡೊಂಬಿವಲಿಗಳ ಕನ್ನಡಿಗರು ದಿನಬೆಳಗಾದರೆ ಲೋಕಲ್ ಹಿಡಿದು ಧಾವಿಸುವ ಮುಂಬಯಿ ಮಹಾನಗರದಲ್ಲಿಯೇ.

ಮನುಷ್ಯರ ರಕ್ತದಲ್ಲಿ ಗುಂಪುಗಳುಂಟೆಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟಿದ್ದರು. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು, ಆ ಲೆಕ್ಕಕ್ಕೆ ಒಗ್ಗದ ಮೂವರ ರಕ್ತದ ವಿಷಯವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾಮೂಲು ಪರೀಕ್ಷೆಯಲ್ಲಿ ಅದು 'ಓ' ಎಂದೇ ತೋರುತ್ತಿತ್ತು; ಆದರೆ 'ಓ' ರಕ್ತವನ್ನು ಅದರೊಡನೆ ಬೆರೆಸಿದರೆ ಕಣಗಳು ಗಂಟುಕಟ್ಟುತ್ತಿದ್ದವು. 'ಬಾಂಬೆ ರಕ್ತದ ಗುಂಪು' ಎಂಬ ಹೆಸರು ಇದಕ್ಕೇ.

ಕಾರಣ ಹೀಗಿದೆ. ಕೆಂಪು ಕಣದ ಮೇಲಿನ 'ಎ', 'ಬಿ' ಗುರುತುಗಳು 'ಎಚ್' ಎಂಬ ಮೂಲವಸ್ತುವಿನ ಮೇಲೆ ರಚಿತವಾಗುತ್ತವೆ. 'ಓ' ಗುಂಪಿನವರಲ್ಲಿ 'ಎಚ್' ಒಂದೇ ಉಂಟು. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. ಗೋಡೆಯಿದ್ದರಲ್ಲವೆ ಚಿತ್ತಾರ! ತಂದೆಯಲ್ಲಿ 'ಬಿ' ವಂಶವಾಹಿ ಇದ್ದರೂ ಹೊರಗೆ ಕಾಣಿಸಿಕೊಳ್ಳಲು ಆಧಾರವಿಲ್ಲದೆ ಅಡಗಿರುತ್ತದೆ. ತಾಯಿಯಿಂದ 'ಎಚ್' ಪಡೆದ ಮಗುವಿನಲ್ಲಿ ಅದು ಪ್ರಕಟವಾಗುತ್ತದೆ. ಮೊದಲು ಹೇಳಿದ ಮಗುವಿನ ರಹಸ್ಯ ಇಷ್ಟೇ ಆಗಿರಬಹುದು.

ಸಂಶಯಕ್ಕಿಂತಲೂ ಘೋರವಾದದ್ದು ರಕ್ತ ಕೊಡುವಾಗಿನ ಅಪಾಯ. ಈ ಗುಂಪಿನವರ ರಕ್ತದಲ್ಲಿ 'ಎಚ್'ಗೆ ವಿರುದ್ಧವಾದ ಪ್ರತಿಕಾಯಗಳು ಹುಟ್ಟಿನಿಂದಲೇ ಬೆಳೆದಿರುವುದರಿಂದ, 'ಓ' ರಕ್ತವೇರಿಸಿದರೆ ಆ ಕಣಗಳು ಒಡೆದು ಮೂತ್ರಪಿಂಡಗಳು ಕೆಡಬಹುದು, ಪ್ರಾಣವೂ ಹೋಗಬಹುದು. ಇವರಿಗೆ ಒದಗುವುದು ಇದೇ ಗುಂಪಿನವರ ರಕ್ತ ಮಾತ್ರ. ತಿಳಿದ 'ಓ' ಕಣಗಳೊಡನೆ ರೋಗಿಯ ರಕ್ತದ್ರವವನ್ನು ಬೆರೆಸಿ ನೋಡುವ ಮರುಪರೀಕ್ಷೆಯಿಂದಲೂ, 'ಎಚ್' ಪತ್ತೆಮಾಡುವ ದ್ರವದಿಂದಲೂ ಇದು ಬಯಲಾಗುತ್ತದೆ. ಅವಸರದಲ್ಲಿ ಬಿಡಬಾರದ ಪರೀಕ್ಷೆ ಇದು.

ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರಲ್ಲಿ ಕಾಣುವ ಈ ಗುಂಪು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿ ಇದೆ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದರೆ ಮಾತ್ರ ಇದು ಉಂಟಾಗುವುದರಿಂದ, ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ನಮ್ಮ ಕಡೆಯ ಮನೆತನಗಳಲ್ಲಿ ಸಂಭವ ಹೆಚ್ಚು. ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರೆಲ್ಲರ ಪರೀಕ್ಷೆ ಆಗಲೇಬೇಕು. ಸಾಮಾನ್ಯವಾಗಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಸಂಭವವುಂಟು. ಆಪತ್ತಿನಲ್ಲಿ ಆಗುವ ದಾನಿ ಹಲವೊಮ್ಮೆ ಮನೆಯಲ್ಲಿಯೇ ಇರುತ್ತಾನೆ. ಮುಂಚೆಯೇ ಗೊತ್ತಾದ ಶಸ್ತ್ರಚಿಕಿತ್ಸೆಯಾದರೆ, ವೈದ್ಯರು ಒಪ್ಪಿದಲ್ಲಿ ರೋಗಿಯ ರಕ್ತವನ್ನೇ ತೆಗೆದಿರಿಸಬಹುದು.

ತಂತ್ರಜ್ಞಾನ ಇಲ್ಲಿ ಎಷ್ಟು ಸಹಾಯಮಾಡೀತು? ಶೀತಕಪೆಟ್ಟಿಗೆಯಲ್ಲಿ ಕೆಂಪು ಕಣಗಳು ಐದಾರು ವಾರ ಉಳಿಯುತ್ತವೆ. ಅತಿಶೈತ್ಯದಲ್ಲಿ ಗಡ್ಡೆಕಟ್ಟಿಸಿದರೆ ಹತ್ತು ವರ್ಷ. 'ಎ', 'ಬಿ' ಗುರುತುಗಳನ್ನು ಕಿಣ್ವಗಳಿಂದ ಕತ್ತರಿಸಿ ಎಲ್ಲ ರಕ್ತವನ್ನೂ 'ಓ' ಮಾಡುವ ಪ್ರಯೋಗಗಳು ನಡೆದಿವೆ. ಆದರೆ 'ಎಚ್' ಅಲ್ಲಿಯೇ ಉಳಿಯುವುದರಿಂದ ಈ ಗುಂಪಿನವರಿಗೆ ಅದರಿಂದ ಪ್ರಯೋಜನವಿಲ್ಲ. ಇವರಿಗೆ ಹೆಚ್ಚು ನೆರವಾದದ್ದು ದೂರವಾಣಿ ಮತ್ತು ಗಣಕಯಂತ್ರಗಳಲ್ಲಿ ಬೆಳೆದ ದಾನಿಗಳ ಪಟ್ಟಿ. 2017ರಲ್ಲಿ ಮ್ಯಾನ್ಮಾರಿನ ಯಾಂಗೊನ್ ನಗರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿದ್ದ ಮಹಿಳೆಗೆ ತನ್ನ ದೇಶದಲ್ಲಿ ಈ ರಕ್ತ ದೊರೆಯದೆ ಹೋದಾಗ, ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ನಿನ ನೆರವಿನಿಂದ ಎರಡು ಚೀಲ ರಕ್ತ ಅಲ್ಲಿಗೆ ತಲುಪಿತು. ಅದು ಹೊರಟದ್ದು ನಮ್ಮ ದಾವಣಗೆರೆಯಿಂದ.