ಯಾಕೆ ಹಿಡಿದಿರಿ ಎಂದು ಕೇಳುವ ಹಕ್ಕು

ಚಿತ್ರದುರ್ಗದ ಯುವಕನೊಬ್ಬನ ಕೊಲೆಗೆ ಸಂಬಂಧಿಸಿ 2024ರ ಜೂನ್‌ನಲ್ಲಿ ನಟ ದರ್ಶನ್ ಮತ್ತಿತರರು ಬಂಧಿತರಾದರು. ಅದೇ ವರ್ಷದ ಡಿಸೆಂಬರ್ 13ರಂದು ಹೈಕೋರ್ಟ್ ಏಳು ಮಂದಿಗೆ ಜಾಮೀನು ನೀಡಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಜಾಮೀನು ಸಿಕ್ಕಿದ್ದು, ಹೋದದ್ದು ಎಲ್ಲರಿಗೂ ಗೊತ್ತು. ಅದು ನಿಂತಿದ್ದ ಮುಖ್ಯ ಎಳೆಗಳಲ್ಲೊಂದು ಮಾತ್ರ ಅಷ್ಟಾಗಿ ಮಾತಿಗೆ ಬರಲಿಲ್ಲ. ಬಂಧನದ ಆಧಾರಗಳನ್ನು ಆರೋಪಿಗಳಿಗೆ ಸಕಾಲದಲ್ಲಿ, ಸರಿಯಾಗಿ ಬರಹದಲ್ಲಿ ಕೊಟ್ಟಿಲ್ಲ ಎಂಬುದೇ ಆ ಎಳೆ.

ಸಂವಿಧಾನದ 22ನೇ ವಿಧಿ ಹೇಳುವುದು ಇಷ್ಟೇ: ಬಂಧಿತನಿಗೆ ಬಂಧನದ ಆಧಾರಗಳನ್ನು ಆದಷ್ಟು ಬೇಗ ತಿಳಿಸಬೇಕು. ಬಾಯಲ್ಲಿ ಹೇಳಿದರೆ ಸಾಕೆ, ಬರೆದೇ ಕೊಡಬೇಕೆ ಎಂಬ ಮಾತು ಅಲ್ಲಿಲ್ಲ. ಹಳೆಯ ಸಿ.ಆರ್.ಪಿ.ಸಿ.ಯ 50ನೇ ಕಲಮಿನಲ್ಲೂ ಇರಲಿಲ್ಲ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 47ನೇ ಕಲಮಿನಲ್ಲೂ ಇಲ್ಲ. ಶಾಸನ ಬಿಟ್ಟ ಈ ತೆರಪನ್ನು ತುಂಬಿದ್ದು ತೀರ್ಪುಗಳು.

ಮೊದಲ ಹೆಜ್ಜೆ 2023ರ ಅಕ್ಟೋಬರ್‌ನಲ್ಲಿ, ಪಂಕಜ್ ಬನ್ಸಲ್ ಪ್ರಕರಣದಲ್ಲಿ. ಹಣ ಅಕ್ರಮ ವರ್ಗಾವಣೆಯ ಆರೋಪಿಗೆ ಆಧಾರಗಳನ್ನು ಓದಿ ಹೇಳಿದರೆ ಸಾಲದು, ಲಿಖಿತವಾಗಿ ಕೊಡಬೇಕು ಎಂದಿತು ಸುಪ್ರೀಂ ಕೋರ್ಟ್. 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಈ ನಿಯಮವನ್ನು ಯು.ಎ.ಪಿ.ಎ. ಕಾಯ್ದೆಗೂ ಹಬ್ಬಿಸಿ, ‘ಕಾರಣ’ಕ್ಕೂ ‘ಆಧಾರ’ಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ತನಿಖೆಗೆ ಬೇಕಾಗಿದ್ದಾನೆ, ಸಾಕ್ಷ್ಯ ನಾಶ ಮಾಡಬಹುದು ಎಂಬುವು ಕಾರಣಗಳು. ಯಾರ ಹೆಸರಿನ ಮುಂದೆ ಬರೆದರೂ ಹೊಂದುತ್ತವೆ. ಈತ ಇಂಥದ್ದನ್ನು ಮಾಡಿದ್ದಾನೆ ಎಂದು ಆ ವ್ಯಕ್ತಿಗೇ ಅಂಟುವ ಆರೋಪದ ವಿವರ ಆಧಾರ. ಜಾಮೀನು ಕೇಳುವ ವಕೀಲನಿಗೆ ಬೇಕಾದದ್ದು ಎರಡನೆಯದು. ಠಾಣೆಯಲ್ಲಿ ಹೆದರಿ ಕುಳಿತವನು ಕೇಳಿದ್ದನ್ನು ನೆನಪಿಟ್ಟು ವಕೀಲನಿಗೆ ಒಪ್ಪಿಸುತ್ತಾನೆಂದು ನಂಬುವುದು ಕಷ್ಟ.

ಹಾಗಾದರೆ ದರ್ಶನ್ ಪ್ರಕರಣದಲ್ಲಿ ಜಾಮೀನು ಉಳಿಯಲಿಲ್ಲವೇಕೆ? ಬರಹದಲ್ಲಿ ಕೊಡದಿದ್ದ ಮಾತ್ರಕ್ಕೆ ಬಂಧನ ತಾನಾಗಿ ಅಸಿಂಧುವಾಗದು, ಅದರಿಂದ ಆರೋಪಿಗೆ ನಿಜವಾಗಿ ತೊಂದರೆಯಾಗಿದೆ ಎಂದು ತೋರಬೇಕು ಎಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಹೇಳಿತು. ಆರೋಪಿಗಳಿಗೆ ವಕೀಲರಿದ್ದರು, ಆರೋಪವೇನೆಂದು ಅವರಿಗೆ ತಿಳಿದಿತ್ತು ಎಂಬುದು ಪೀಠದ ಎಣಿಕೆ. ಆ ತೀರ್ಪು ಜಾಮೀನಿನ ಬಗ್ಗೆ. ತಪ್ಪಿತಸ್ಥರು ಯಾರೆಂಬುದರ ಬಗ್ಗೆ ಅಲ್ಲ.

ಮೂರೇ ತಿಂಗಳಲ್ಲಿ ಮಾತು ಮತ್ತೆ ಬಿಗಿಯಾಯಿತು. ಮುಂಬಯಿಯ ವಾಹನ ಅಪಘಾತವೊಂದರಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, 2025ರ ನವೆಂಬರ್ 6ರಂದು, ಅಪರಾಧ ಯಾವುದೇ ಇರಲಿ ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ವಿಧಿಸಿತು. ತಕ್ಷಣಕ್ಕೆ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ರಿಮಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ ಎರಡು ಗಂಟೆ ಮೊದಲು ಕಾಗದ ಕೈಸೇರಬೇಕು. ತಪ್ಪಿದರೆ ಬಂಧನ, ರಿಮಾಂಡ್ ಎರಡೂ ಅಕ್ರಮ. ಹಾಗೆಂದು ಮೊಕದ್ದಮೆ ಬಿದ್ದುಹೋಗದು. ಬರಹ ಒದಗಿಸಿ ಪೊಲೀಸರು ಮತ್ತೆ ಕಸ್ಟಡಿ ಕೇಳಬಹುದು. ಈ ನಿಯಮ ಮುಂದಿನ ಬಂಧನಗಳಿಗೆ ಮಾತ್ರ.

ಇದು ಆರೋಪಿಗಷ್ಟೇ ಬೇಕಾದ ಹಕ್ಕು ಎನ್ನುವಂತಿಲ್ಲ. ಒಂದು ಹಾಳೆ ಬರೆಯದ ಲೋಪಕ್ಕೆ ಜಾಮೀನು ಸಿಕ್ಕಿದರೆ ನೋಯುವುದು ಮಗನನ್ನು ಕಳೆದುಕೊಂಡ ಮನೆಯೂ ಹೌದು.

ಭಾಷೆಯ ಮಾತು ಹೊಸದಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿದ್ದವನಿಗೆ ಬಾರದ ಇಂಗ್ಲಿಷಿನಲ್ಲಿ ಆಧಾರಗಳನ್ನು ಕೊಟ್ಟದ್ದು ಸಾಲದೆಂದು 1962ರಲ್ಲೇ, ಮಹಾರಾಷ್ಟ್ರದ ಹರಿಕಿಶನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಚಳ್ಳಕೆರೆ, ಮೊಳಕಾಲ್ಮೂರಿನಂಥ ಕಡೆ ಮನೆಮಾತು ತೆಲುಗಾದವರು, ಓದುಬಾರದವರು ಬೇಕಾದಷ್ಟಿದ್ದಾರೆ. ಅಲ್ಲಿ ಆ ಹಾಳೆಯನ್ನು ಬರೆದು ಕೊಡುವುದರ ಜೊತೆಗೆ ಓದಿ ತಿಳಿಸುವ ಕೆಲಸವೂ ಠಾಣೆಯ ಪಾಲಿಗೇ ಬರುತ್ತದೆ.