ವಾರಕ್ಕೊಂದು ಸಂಜೆ, ವೃತ್ತಿಗೊಬ್ಬ ಸದಸ್ಯ

ತಾಲ್ಲೂಕು ಕೇಂದ್ರದಲ್ಲಿ ಒಂದು ಭಾನುವಾರ ಕಣ್ಣಿನ ತಪಾಸಣಾ ಶಿಬಿರ ನಡೆಸಬೇಕೆಂದರೆ, ವೈದ್ಯರನ್ನು ಕರೆಸುವುದೇ ಎಲ್ಲಕ್ಕಿಂತ ಸಲೀಸು. ಶಿವಮೊಗ್ಗದ ಶಂಕರ ಕಣ್ಣಿನ ಆಸ್ಪತ್ರೆಯಂಥ ಸಂಸ್ಥೆಗಳು ತಂಡವನ್ನೂ ಉಪಕರಣಗಳನ್ನೂ ಕಳಿಸುತ್ತವೆ. ಪೊರೆ ಬಂದವರನ್ನು ಬಸ್ಸಿನಲ್ಲಿ ಕರೆದೊಯ್ದು, ಶಸ್ತ್ರಚಿಕಿತ್ಸೆ ಮಾಡಿ, ವಾಪಸು ತಂದು ಬಿಡುತ್ತವೆ. ಕಷ್ಟ ಇರುವುದು ಉಳಿದದ್ದರಲ್ಲಿ. ರಜೆಯ ದಿನ ಶಾಲೆಯ ಕೋಣೆ ತೆರೆಸಲು ಮುಖ್ಯೋಪಾಧ್ಯಾಯರು ಒಪ್ಪಬೇಕು. ಕರಪತ್ರ ಅಚ್ಚಾಗಬೇಕು, ಆಟೋಗೆ ಮೈಕು ಕಟ್ಟಿ ಹಳ್ಳಿ ಹಳ್ಳಿ ಸುತ್ತಿಸಬೇಕು. ಬಿ.ಪಿ., ಸಕ್ಕರೆ ನೋಡಲು ಲ್ಯಾಬಿನವರು ಬೇಕು. ಬೆಳಗಿನ ಮೊದಲ ಬಸ್ಸಿಗೇ ಬಂದು ಕೂತ ಅಜ್ಜ ಅಜ್ಜಿಯರಿಗೆ ತಿಂಡಿ, ಮಧ್ಯಾಹ್ನಕ್ಕೆ ಅನ್ನ ಸಾರು ಆಗಬೇಕು. ಕರೆಂಟು ಹೋದರೆ ಜನರೇಟರು ಬೇಕು. ಆಪರೇಷನ್ ಎಂದೊಡನೆ ಹೆದರಿ ಮನೆಗೆ ಹೊರಟು ನಿಲ್ಲುವ ಅಜ್ಜಿಯ ಕೈಹಿಡಿದು ಕೂರಿಸಿ ಮಾತಾಡಲು ಆಕೆ ಬಲ್ಲ ಮುಖವೊಂದು ಬೇಕು.

ಪ್ರೆಸ್ಸಿನವರು, ಹೋಟೆಲಿನವರು, ಮೇಷ್ಟ್ರು, ಔಷಧಿ ಅಂಗಡಿಯವರು, ಶಾಮಿಯಾನದವರು, ವಕೀಲರು, ಎಂಜಿನಿಯರು ಎಲ್ಲರೂ ಮೊದಲೇ ಪರಸ್ಪರ ಪರಿಚಿತರಾಗಿದ್ದು ವಾರಕ್ಕೊಮ್ಮೆ ಒಂದೆಡೆ ಕೂರುವ ಏರ್ಪಾಡು ಇದ್ದರೆ ಇಷ್ಟೂ ಕೆಲಸ ಒಂದು ಸಂಜೆಯಲ್ಲಿ ಹಂಚಿಕೆಯಾಗಿಬಿಡುತ್ತದೆ. ನಮ್ಮ ಎಷ್ಟೋ ಊರುಗಳಲ್ಲಿ ಆ ಏರ್ಪಾಡು ರೋಟರಿ ಕ್ಲಬ್. ಅದರ ಸೇವೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೊಟ್ಟ ವಸ್ತುಗಳನ್ನು ಎಣಿಸುತ್ತಾರೆ: ಇಷ್ಟು ಬೆಂಚು, ಇಷ್ಟು ನೋಟ್‌ಬುಕ್ಕು, ಇಷ್ಟು ಹೊಲಿಗೆ ಯಂತ್ರ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಬೇರೆ ಕಸುಬಿನವರ ನಡುವಿನ ಆ ಪರಿಚಯ. ವಸ್ತುಗಳನ್ನು ಸರ್ಕಾರವೂ ಕೊಡಬಹುದು, ಕಂಪನಿಗಳೂ ಕೊಡಬಹುದು. ಪರಿಚಯವನ್ನು ಊರಿನವರೇ ಕೂತು ಬೆಳೆಸಿಕೊಳ್ಳಬೇಕು.

ರೋಟರಿ ಹುಟ್ಟಿದ್ದೂ ಪರಿಚಯದ ಹಸಿವಿನಿಂದಲೇ. ಚಿಕಾಗೊ ನಗರಕ್ಕೆ ಹೊರಗಿನಿಂದ ಬಂದು ನೆಲೆಸಿದ್ದ ಪಾಲ್ ಹ್ಯಾರಿಸ್ ಎಂಬ ವಕೀಲರಿಗೆ ಗಿರಾಕಿಗಳಿದ್ದರು, ಗೆಳೆಯರಿರಲಿಲ್ಲ. 1905ರ ಫೆಬ್ರುವರಿ 23ರಂದು ಅವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಬಟ್ಟೆ ಹೊಲಿಸುವ ವ್ಯಾಪಾರಿಯನ್ನು ಕೂಡಿಸಿಕೊಂಡು ಮೊದಲ ಸಭೆ ನಡೆಸಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುವುದು, ಒಂದು ವೃತ್ತಿಗೆ ಒಬ್ಬರೇ ಸದಸ್ಯರು, ಇವು ಆರಂಭದ ಕಟ್ಟಳೆಗಳು. ವೃತ್ತಿಗೊಬ್ಬರೇ ಎಂಬ ಬಿಗಿ ಈಗ ಸಡಿಲವಾಗಿದೆ. ಆದರೂ ಎಲ್ಲ ಕಸುಬಿನವರೂ ಇರಲಿ, ಒಂದೇ ಕಸುಬಿನವರು ತುಂಬಿಕೊಳ್ಳುವುದು ಬೇಡ ಎಂಬ ಎಚ್ಚರ ಇವತ್ತಿಗೂ ಇದೆ. ಎರಡು ವರ್ಷದಲ್ಲೇ, 1907ರಲ್ಲಿ, ಆ ಗೆಳೆಯರು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೆ? ಚಿಕಾಗೊ ನಗರದ ನಡುವೆ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವ ಕ್ಲಬ್ಬುಗಳು ಆ ಮೊದಲ ಕೆಲಸವನ್ನೇ ಮುಂದುವರಿಸುತ್ತಿವೆ.

ಬೆಂಗಳೂರಿನ ಕ್ಲಬ್ ಆರಂಭವಾದದ್ದು 1934ರಲ್ಲಿ. ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ, ಕರಾವಳಿ ಮಲೆನಾಡಿನಲ್ಲಂತೂ ಹೋಬಳಿ ಮಟ್ಟದ ಊರುಗಳಿಗೂ ರೋಟರಿ ಹರಡಿತು. ರೋಟರಿಯ ಜಿಲ್ಲೆಗಳು ಸರ್ಕಾರಿ ಜಿಲ್ಲೆಗಳಲ್ಲ, ಅವನ್ನು ಸಂಖ್ಯೆಯಿಂದ ಗುರುತಿಸುತ್ತಾರೆ. ಮೈಸೂರು, ಕೊಡಗು, ದಕ್ಷಿಣ ಕನ್ನಡ ಸೇರಿದ್ದು 3181. ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ, ಹಾಸನ ಸೇರಿದ್ದು 3182. ಬೆಳಗಾವಿ, ಧಾರವಾಡದ ಕಡೆಯದು ಗೋವಾವನ್ನೂ ಒಳಗೊಂಡ 3170. ಶಿರಸಿಯಲ್ಲಿ ರೋಟರಿ ಆಸ್ಪತ್ರೆಯಿದೆ, ಮೂಡುಬಿದಿರೆಯಲ್ಲಿ, ಸುಳ್ಯದಲ್ಲಿ ರೋಟರಿ ಶಾಲೆಗಳಿವೆ. ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಹೆಸರನ್ನೂ ಹೊತ್ತ ರೋಟರಿ ರಕ್ತನಿಧಿ ಇದೆ.

ವಾರದ ಸಭೆಗೆ ಅದರದೇ ಶಿಸ್ತಿದೆ. ಅಧ್ಯಕ್ಷರು ಗಂಟೆ ಬಾರಿಸಿದರೆ ಸಭೆ ಆರಂಭ, ಮತ್ತೆ ಬಾರಿಸಿದರೆ ಮುಕ್ತಾಯ. ಕಾರ್ಯದರ್ಶಿ ವರದಿ ಓದುತ್ತಾರೆ. ಅತಿಥಿ ಉಪನ್ಯಾಸ ಇರುತ್ತದೆ: ಒಂದು ವಾರ ಕೃಷಿ ಅಧಿಕಾರಿ, ಇನ್ನೊಂದು ವಾರ ಮಕ್ಕಳ ವೈದ್ಯರು, ಮತ್ತೊಂದು ವಾರ ಅಂಚೆ ಕಚೇರಿಯವರು. ಸಭೆಯ ಶಿಸ್ತು ನೋಡಿಕೊಳ್ಳುವವರನ್ನು ಕರಾವಳಿಯ ಕ್ಲಬ್ಬುಗಳಲ್ಲಿ ದಂಡಪಾಣಿ ಎನ್ನುತ್ತಾರೆ. ಸೇವಾ ವರ್ಷ ಜುಲೈ 1ಕ್ಕೆ ಶುರು. ಆ ಹೊತ್ತಿಗೆ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಪದಗ್ರಹಣದ ಚಿತ್ರಗಳು ಸಾಲುಸಾಲಾಗಿ ಬರುತ್ತವೆ. ಅಧ್ಯಕ್ಷಗಿರಿ ಒಂದೇ ವರ್ಷದ್ದು. ಮುಂದಿನವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಹೋದ ವರ್ಷದವರು ನಿಕಟಪೂರ್ವ ಅಧ್ಯಕ್ಷರಾಗಿ ಪಕ್ಕದಲ್ಲೇ ಇರುತ್ತಾರೆ. ಕುರ್ಚಿಗೆ ಅಂಟಿಕೊಳ್ಳಲು ಅವಕಾಶವೇ ಇಲ್ಲದ ಈ ಕ್ರಮ ನಮ್ಮ ಸಂಘ ಸಂಸ್ಥೆಗಳಲ್ಲಿ ಅಪರೂಪ.

ಮತ್ತೆ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಹೇಳುವುದು ಬಹಳವಿದೆ. ಶಿಬಿರ ಎಂಬ ಕಲ್ಪನೆಯನ್ನು ಕನ್ನಡ ನಾಡಿನ ಮನೆಮಾತಾಗಿಸಿದವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005). ಊರೂರು ತಿರುಗಿ ಲಕ್ಷಗಟ್ಟಲೆ ಜನರ ಪೊರೆ ತೆಗೆದು ‘ಕಣ್ಣು ಕೊಟ್ಟ ಅಣ್ಣ’ ಎನಿಸಿಕೊಂಡವರು. ವೈದ್ಯರು ಒಂದು ಊರಿಗೆ ಬಂದರೆ ಚಪ್ಪರ, ಊಟ, ರೋಗಿಗಳ ವಸತಿ, ಆರೈಕೆಯ ಹೊಣೆ ಊರಿನವರದು. ಆಗ ಆಪರೇಷನ್ ಆದವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲ್ಲಾಡದೆ ಮಲಗಬೇಕಿತ್ತು, ಆಮೇಲೆ ದಪ್ಪ ಗಾಜಿನ ಕನ್ನಡಕ. ಈಗ ಕಣ್ಣಿನೊಳಗೇ ಮಸೂರ ಕೂರಿಸುತ್ತಾರೆ. ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ. ಸೋಂಕಿನ ಅಪಾಯ ತಗ್ಗಿಸಿದ ಒಳ್ಳೆಯ ಬದಲಾವಣೆ ಇದು.

ಇಷ್ಟಾದರೂ ಊರಿನವರ ಕೆಲಸ ಕಡಿಮೆಯಾಗಿಲ್ಲ. ಶಿಬಿರದ ದಿನ ಸಕ್ಕರೆಯೋ ರಕ್ತದೊತ್ತಡವೋ ಹೆಚ್ಚಿದ್ದವರನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವುದಿಲ್ಲ, ಹತೋಟಿಗೆ ತಂದುಕೊಂಡು ಬನ್ನಿ ಎನ್ನುತ್ತಾರೆ. ಹಾಗೆ ವಾಪಸಾದವರನ್ನು ಯಾರೂ ಹಿಂಬಾಲಿಸದಿದ್ದರೆ ಅವರು ಮತ್ತೆ ಬರುವುದೇ ಇಲ್ಲ, ಕುರುಡು ಅವರ ಜೊತೆಗೇ ಉಳಿದುಬಿಡುತ್ತದೆ. ಆಪರೇಷನ್ ಆದವರೂ ವಾರಗಟ್ಟಲೆ ಹೊತ್ತು ಹೊತ್ತಿಗೆ ಹನಿ ಹಾಕಿಕೊಳ್ಳಬೇಕು, ಮರುಪರೀಕ್ಷೆಗೆ ಬರಬೇಕು. ಒಳ್ಳೆಯ ಕ್ಲಬ್ ಯಾವುದೆಂದು ನನ್ನನ್ನು ಕೇಳಿದರೆ, ವಾಪಸಾದವರ ಹೆಸರಿನ ಪಟ್ಟಿಯನ್ನು ಜೋಪಾನವಾಗಿಟ್ಟುಕೊಂಡು ತಿಂಗಳ ನಂತರ ಅವರ ಮನೆಗೆ ಹೋಗುವ ಕ್ಲಬ್ ಎನ್ನುತ್ತೇನೆ.

ಕಣ್ಣಿನ ಕೆಲಸದಲ್ಲಿ ಲಯನ್ಸ್ ಕ್ಲಬ್ಬುಗಳ ಹೆಸರು ಬಿಡುವಂತಿಲ್ಲ. 1917ರಲ್ಲಿ ಹುಟ್ಟಿದ ಆ ಸಂಸ್ಥೆಯ 1925ರ ಸಮ್ಮೇಳನದಲ್ಲಿ ಹೆಲೆನ್ ಕೆಲ್ಲರ್ ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಂದಿನಿಂದ ದೃಷ್ಟಿರಕ್ಷಣೆ ಲಯನ್ಸರ ಮುಖ್ಯ ಕಾಯಕವಾಯಿತು. ನೇತ್ರದಾನದ ವಿಷಯದಲ್ಲಂತೂ ಎರಡೂ ಕ್ಲಬ್ಬಿನವರು ಮಾಡುವ ಕೆಲಸ ಎದೆಗಾರಿಕೆಯದು. ಸಾವಾಗಿ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯಡಿ ದಿಂಬಿಟ್ಟು ಎತ್ತರಿಸಬೇಕು. ಇದೆಲ್ಲ ಹೇಳಿಕೊಟ್ಟರೆ ಯಾರಿಗೂ ಬರುತ್ತದೆ. ಅಳುವ ಮನೆಗೆ ಹೋಗಿ, ಮಗನ ಪಕ್ಕ ಕೂತು, ‘ಅಪ್ಪನ ಕಣ್ಣು ಕೊಡೋಣವಾ?’ ಎಂದು ಕೇಳುವವರು ಯಾರು? ಅಪರಿಚಿತರು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ದಿನವೂ ಮಾತಾಡಿಸುವವರು, ಮಕ್ಕಳಿಗೆ ಪಾಠ ಹೇಳಿದವರು ಕೇಳಿದರೆ ಮನೆಯವರು ಯೋಚಿಸುತ್ತಾರೆ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರ ಎರಡು ಕಣ್ಣುಗಳ ಪಾರಪಟಲವನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನದ ನೋಂದಣಿಗೆ ಜನ ಮುಗಿಬಿದ್ದರು. ನೋಂದಣಿ ಪತ್ರವನ್ನು ಸಾವಿನ ಹೊತ್ತಿನಲ್ಲಿ ನೆನಪಿಸಲು ಊರಿನಲ್ಲಿ ಒಬ್ಬರು ಬೇಕೇ ಬೇಕು.

ರೋಟರಿಯ ಹೆಸರಿನೊಂದಿಗೆ ಜಗತ್ತು ಜೋಡಿಸಿಕೊಂಡಿರುವುದು ಪೋಲಿಯೊವನ್ನು. 1979ರಲ್ಲಿ ಫಿಲಿಪ್ಪೀನ್ಸ್‌ನ 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ಯೋಜನೆಯಿಂದ ಶುರುವಾದದ್ದು, 1985ರಲ್ಲಿ ಪೋಲಿಯೊ ಪ್ಲಸ್ ಆಗಿ ಬೆಳೆಯಿತು. 12 ಕೋಟಿ ಡಾಲರ್ ಕೂಡಿಸಬೇಕೆಂದು ಹೊರಟ ಸದಸ್ಯರು 1988ರ ಹೊತ್ತಿಗೆ 24.7 ಕೋಟಿ ಡಾಲರ್ ಕೂಡಿಸಿದ್ದರು. ಆ ವರ್ಷ ಜಗತ್ತಿನ 125 ದೇಶಗಳಲ್ಲಿ ಸುಮಾರು ಮೂರೂವರೆ ಲಕ್ಷ ಮಕ್ಕಳು ಪೋಲಿಯೊಗೆ ತುತ್ತಾಗಿದ್ದರು ಎಂಬುದನ್ನು ನೆನೆದರೆ ಈ ಹಣದ ತೂಕ ತಿಳಿಯುತ್ತದೆ. ಭಾರತದಲ್ಲಿ ಪಲ್ಸ್ ಪೋಲಿಯೊದ ಮೊದಲ ಸುತ್ತು ನಡೆದದ್ದು 1995ರ ಡಿಸೆಂಬರ್ 9ರಂದು. ಹನಿ ಹಾಕಿದವರು ಆರೋಗ್ಯ ಇಲಾಖೆಯ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆಯರು, ಮುಂದೆ ಆಶಾ ಕಾರ್ಯಕರ್ತೆಯರು. ಶ್ರೇಯಸ್ಸಿನ ಹೆಚ್ಚಿನ ಪಾಲು ಅವರದೇ. ಕ್ಲಬ್ಬಿನವರು ಬಸ್ ನಿಲ್ದಾಣದಲ್ಲಿ ಮೇಜು ಹಾಕಿದರು, ಬ್ಯಾನರ್ ಕಟ್ಟಿಸಿದರು, ಬೂತಿನಲ್ಲಿ ಕೂತವರಿಗೆ ತಿಂಡಿ ಮುಟ್ಟಿಸಿದರು, ಕಾರು ಜೀಪು ಕೊಟ್ಟರು, ತೋಟದ ಲೈನುಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ಕೂಲಿಗೆ ಬಂದವರ ಮಕ್ಕಳ ಎಡಗೈ ಕಿರುಬೆರಳಿನಲ್ಲಿ ಶಾಯಿ ಗುರುತು ಇದೆಯೇ ಎಂದು ಹುಡುಕಿದರು.

2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, ಜಗತ್ತಿನ ಲೆಕ್ಕದ ಅರ್ಧದಷ್ಟು. ಮರುವರ್ಷ 42ಕ್ಕಿಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಹದಿನೆಂಟು ತಿಂಗಳ ಹೆಣ್ಣುಮಗುವಿನಲ್ಲಿ ಕಂಡದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪಕ್ಕದ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಇರುವುದರಿಂದ ಹನಿ ಹಾಕುವ ಭಾನುವಾರಗಳು ನಿಂತಿಲ್ಲ.

ರಕ್ತದ ಕೆಲಸ ಸದ್ದಿಲ್ಲದ್ದು. ಯಾರದು ಯಾವ ಗುಂಪು, ಯಾರು ಕೊಟ್ಟು ಮೂರು ತಿಂಗಳಾಯಿತು ಎಂಬ ಪಟ್ಟಿ ಒಬ್ಬರ ಬಳಿ ಇರುತ್ತದೆ, ಮಳೆಗಾಲದಲ್ಲಿ ಡೆಂಗಿ ಬಂದಾಗ ಅವರ ಫೋನಿಗೆ ಬಿಡುವಿಲ್ಲ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯದ ಕಾರಣ, ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಕರೆದಾಗ ಬರುವ ಹತ್ತು ಮಂದಿ ಮುಖ್ಯ. ಕೃತಕ ಕಾಲು ಜೋಡಣಾ ಶಿಬಿರಗಳೂ ಹೀಗೆಯೇ ಬೆಲೆಯುಳ್ಳವು. ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಕಾಲು ಹಾಕಿಕೊಂಡು ಚಕ್ಕಳಮಕ್ಕಳ ಕೂರಬಹುದು, ಬರಿಗಾಲಲ್ಲಿ ಗದ್ದೆಯ ಕೆಸರಿಗೂ ಇಳಿಯಬಹುದು.

ಇಷ್ಟು ಪ್ರೀತಿಯಿಂದ ಬರೆಯುವಾಗ ಒಂದು ಕೊರತೆಯನ್ನೂ ಹೇಳಲೇಬೇಕು. ಒಂದೇ ವರ್ಷದ ಅಧ್ಯಕ್ಷಗಿರಿಯಿಂದ ಕುರ್ಚಿಯ ಜಗಳ ತಪ್ಪುತ್ತದೆ, ನಿಜ. ಆದರೆ ಪ್ರತಿ ವರ್ಷ ಹೊಸದೇನಾದರೂ ಮಾಡಬೇಕೆಂಬ ಆತುರದಲ್ಲಿ ಹಳೆಯದು ಅನಾಥವಾಗುತ್ತದೆ. ಶಾಲೆಗಳಲ್ಲಿ ಹೀಗೆ ಕೂರಿಸಿದ ನೀರಿನ ಫಿಲ್ಟರುಗಳು ಎಷ್ಟೋ ಕಡೆ ಕ್ಯಾಂಡಲ್ ಬದಲಿಸುವವರಿಲ್ಲದೆ ನಿಂತಿವೆ. ಅವುಗಳ ಮೇಲೆ ದಾನಿಗಳ ಹೆಸರು ಮಾತ್ರ ಸ್ವಚ್ಛವಾಗಿದೆ. ಯಾವುದೇ ಕ್ಲಬ್ ಹೊಸ ಯೋಜನೆಗೆ ಕೈಹಾಕುವ ಮೊದಲು ಹಿಂದಿನ ಐದು ವರ್ಷದ ಕೊಡುಗೆಗಳನ್ನು ಒಂದು ಸುತ್ತು ನೋಡಿ ಬರಬೇಕು, ರಿಪೇರಿಗೆಂದೇ ಹಣ ತೆಗೆದಿಡಬೇಕು. ಡಯಾಲಿಸಿಸ್ ಯಂತ್ರದಂಥ ದೊಡ್ಡ ಕೊಡುಗೆಗೆ ಬೇರೆ ದೇಶದ ಕ್ಲಬ್ಬಿನ ಜೊತೆ ಸೇರಿ ರೋಟರಿ ಫೌಂಡೇಶನ್ನಿನ ಜಾಗತಿಕ ಅನುದಾನ ಪಡೆಯುವಾಗ, ಆಮೇಲೆ ಇದನ್ನು ಯಾರು ನಡೆಸುತ್ತಾರೆ ಎಂಬುದಕ್ಕೆ ಮೊದಲೇ ಉತ್ತರ ಬರೆದುಕೊಡಬೇಕು. ಆ ಪ್ರಶ್ನೆ ಸಣ್ಣ ಫಿಲ್ಟರಿಗೂ ಅನ್ವಯಿಸಲಿ.

ಹೆಣ್ಣುಮಕ್ಕಳಿಗೆ ರೋಟರಿಯ ಬಾಗಿಲು ತಡವಾಗಿ ತೆರೆಯಿತು. ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರ, 1989ರಲ್ಲಿ ಜಗತ್ತಿನಾದ್ಯಂತ ಸದಸ್ಯತ್ವ ಸಿಕ್ಕಿತು. ಅದಕ್ಕೂ ಮೊದಲಿನಿಂದ ರೋಟರಿಯವರ ಮನೆಯ ಮಹಿಳೆಯರು 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಇನ್ನರ್ ವೀಲ್ ಸಂಸ್ಥೆಯ ಮೂಲಕ ದುಡಿಯುತ್ತ ಬಂದವರು. 2022–23ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ರೋಟರಿಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆಯಾದರು. ನಮ್ಮ ಸಣ್ಣ ಊರುಗಳ ಕ್ಲಬ್ಬುಗಳಲ್ಲೂ ಅಧ್ಯಕ್ಷೆಯರು ಬರುತ್ತಿದ್ದಾರೆ. ಹೆಣ್ಣುಮಕ್ಕಳ ಮುಟ್ಟಿನ ನೈರ್ಮಲ್ಯದಂಥ ವಿಷಯ ಶಾಲೆಗಳಲ್ಲಿ ಸಂಕೋಚವಿಲ್ಲದೆ ಚರ್ಚೆಯಾಗಬೇಕಾದರೆ ಅವರು ಇನ್ನೂ ಹೆಚ್ಚಾಗಬೇಕು.

ಹನ್ನೆರಡರಿಂದ ಹದಿನೆಂಟರ ಮಕ್ಕಳಿಗೆ ಶಾಲೆಯಲ್ಲೇ ಇಂಟರ‍್ಯಾಕ್ಟ್, ಅದರ ಮೇಲಿನವರಿಗೆ ರೋಟರ‍್ಯಾಕ್ಟ್, ಹಳ್ಳಿಗಳಲ್ಲಿ ಕ್ಲಬ್ಬಿನ ಸದಸ್ಯರಲ್ಲದವರೂ ಸೇರಬಹುದಾದ ರೋಟರಿ ಸಮುದಾಯ ದಳ ಇವೆ. ಮೂಲ ಕ್ಲಬ್ಬಿಗೆ ಸೇರಲು ಸದಸ್ಯರೊಬ್ಬರು ಆಹ್ವಾನಿಸಬೇಕು, ವಾರ್ಷಿಕ ಶುಲ್ಕವಿರುತ್ತದೆ. ಸಭೆಗೆ ಅತಿಥಿಯಾಗಿ ಹೋಗಿ ಕೂರಲು ಸದಸ್ಯತ್ವ ಬೇಕಿಲ್ಲ. ಪರಿಚಯದ ಸದಸ್ಯರೊಬ್ಬರಿಗೆ ಹೇಳಿದರೆ ಕರೆದೊಯ್ಯುತ್ತಾರೆ. ನಿಮ್ಮ ಕಸುಬು ಏನೆಂದು ಅಲ್ಲಿ ಮೊದಲು ಕೇಳುತ್ತಾರೆ.