ಭಾರತದ ಸದಸ್ಯನೆನಿಸಿಕೊಂಡ ಹೆನ್ರಿ ಫಾಸೆಟ್

ಕ್ರಿ. ಶ. 1867ನೆಯ ಇಸವಿಯ ಜುಲೈ ತಿಂಗಳಲ್ಲಿ ತುರ್ಕಿಯ ಸುಲ್ತಾನ ಅಬ್ದುಲ್ ಅಜೀಜನು ಲಂಡನ್ ನಗರಕ್ಕೆ ಬಂದನು. ಅವನ ಗೌರವಾರ್ಥವಾಗಿ ಇಂಡಿಯಾ ಆಫೀಸಿನ ಕಟ್ಟಡದಲ್ಲಿ ಮಹಾವೈಭವದ ನರ್ತನಗೋಷ್ಠಿಯೊಂದು ನಡೆಯಿತು. ಅತಿಥಿ ತುರ್ಕಿಯವನು, ಕರೆದವರು ಆಂಗ್ಲೇಯರು, ವೆಚ್ಚವನ್ನು ಮಾತ್ರ ಭಾರತದ ಬೊಕ್ಕಸಕ್ಕೆ ಬರೆದಿದ್ದರು! ಬೆವರು ಸುರಿಸಿ ಕಂದಾಯ ಕಟ್ಟುವ ರೈತನು ಲಂಡನ್ನಿನ ಈ ಉತ್ಸವಕ್ಕೆ ಏಕೆ ಹಣ ತೆರಬೇಕೆಂದು ಕಾಮನ್ಸ್ ಸಭೆಯಲ್ಲಿ ಎದ್ದು ಕೇಳಿದವರು ಹೆನ್ರಿ ಫಾಸೆಟ್ ಎಂಬ ಸದಸ್ಯರು. ಬ್ರೈಟನ್ ಪಟ್ಟಣದ ಮತದಾರರು ಅವರನ್ನು ಆರಿಸಿ ಕಳುಹಿಸಿ ಆಗ ಎರಡು ವರ್ಷಗಳಾಗಿದ್ದವು. ಅವರಿಗೆ ಎರಡು ಕಣ್ಣುಗಳೂ ಕಾಣುತ್ತಿರಲಿಲ್ಲ.

ಫಾಸೆಟ್ಟರು ಜನಿಸಿದುದು 1833ರಲ್ಲಿ, ಸಾಲ್ಸ್‌ಬರಿಯಲ್ಲಿ. ತಂದೆ ಬಟ್ಟೆಯ ವ್ಯಾಪಾರಿ. ಮಗನು ಕೇಂಬ್ರಿಡ್ಜಿನಲ್ಲಿ ಓದಿ 1856ರಲ್ಲಿ ಏಳನೆಯ ರಾಂಗ್ಲರ್ ಆಗಿ ತೇರ್ಗಡೆ ಹೊಂದಿದನು. ನ್ಯಾಯವಾದಿಯಾಗಿ ಕೀರ್ತಿ ಪಡೆದು, ಬಳಿಕ ಪಾರ್ಲಿಮೆಂಟನ್ನು ಸೇರಬೇಕೆಂಬುದು ಅವನ ಬಯಕೆ. 1858ರ ಸೆಪ್ಟೆಂಬರ್ 17ರಂದು ತಂದೆ ಮಕ್ಕಳು ಬೇಟೆಗೆಂದು ಊರ ಹೊರಗಿನ ಗುಡ್ಡಕ್ಕೆ ಹೋದರು. ತಂದೆಯ ಒಂದು ಕಣ್ಣಿಗೆ ಪೊರೆ ಬರತೊಡಗಿತ್ತು. ಹಕ್ಕಿಗೆ ಗುರಿಯಿಟ್ಟು ಹಾರಿಸಿದ ಕೋವಿಯ ಚರೆಗಳು ಮಗನ ಕನ್ನಡಕವನ್ನು ಭೇದಿಸಿ ಎರಡು ಕಣ್ಣುಗಳನ್ನೂ ಹೊಕ್ಕವು. ಇಪ್ಪತ್ತೈದರ ತರುಣನು ಆ ಕ್ಷಣದಿಂದ ಬೆಳಕನ್ನು ಕಳೆದುಕೊಂಡನು. ಬಾಳಿನ ಗುರಿಯನ್ನು ಬದಲಾಯಿಸಕೂಡದೆಂದು ಹತ್ತೇ ನಿಮಿಷಗಳಲ್ಲಿ ನಿಶ್ಚಯಿಸಿಕೊಂಡೆನೆಂದು ಅವರು ಮುಂದೆ ಹೇಳುತ್ತಿದ್ದರಂತೆ. ಹತ್ತು ನಿಮಿಷವೆಂಬುದನ್ನು ನಾವು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅವರು ಕುದುರೆ ಸವಾರಿಯನ್ನಾಗಲಿ, ಮೀನು ಹಿಡಿಯುವುದನ್ನಾಗಲಿ, ಹಿಮಗಟ್ಟಿದ ನೀರಿನ ಮೇಲೆ ಜಾರುವುದನ್ನಾಗಲಿ ಬಿಡಲಿಲ್ಲವೆಂಬುದು ನಿಜ. 1863ರಲ್ಲಿ ಅರ್ಥಶಾಸ್ತ್ರದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿ, ಅದೇ ವರ್ಷ ಕೇಂಬ್ರಿಡ್ಜಿನಲ್ಲಿ ಆ ಶಾಸ್ತ್ರದ ಪ್ರಾಧ್ಯಾಪಕರಾದರು. ಚುನಾವಣೆಗಳಲ್ಲಿ ಮೇಲಿಂದ ಮೇಲೆ ಸೋತು, ಕಡೆಗೆ 1865ರಲ್ಲಿ ಗೆದ್ದರು.

ಅವರು ಎತ್ತಿದ ಪ್ರಶ್ನೆಯ ತೂಕವನ್ನು ಅರಿಯಬೇಕಾದರೆ ಆಗಿನ ಏರ್ಪಾಡನ್ನು ತಿಳಿಯಬೇಕು. 1858ರ ಕಾಯಿದೆಯಿಂದ ಭಾರತದ ಆಡಳಿತವು ಕಂಪನಿಯ ಕೈ ಬಿಟ್ಟು ರಾಣಿಯ ಸರ್ಕಾರಕ್ಕೆ ಸೇರಿತು. ಆಂಗ್ಲ ಪ್ರಜೆಯ ತೆರಿಗೆಯ ಹಣವನ್ನು ಕಾಮನ್ಸ್ ಸಭೆಯ ಮಂಜೂರಾತಿಯಿಲ್ಲದೆ ಮುಟ್ಟುವಂತಿರಲಿಲ್ಲ. ಭಾರತದ ಹಣಕ್ಕೆ ಆ ಕಾವಲಿಲ್ಲ. ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಟ್ಟರೆ ಮುಗಿಯಿತು. ಅದೂ ಅಧಿವೇಶನದ ಕೊನೆಯಲ್ಲಿ, ಬೇಸಿಗೆಯ ರಜ ಸಮೀಪಿಸಿದಾಗ. ಭಾರತದ ಲೆಕ್ಕವು ಬಂದಿತೆಂದರೆ ಸದಸ್ಯರಿಗೆ ಹಳ್ಳಿಯ ಮನೆಯ ನೆನಪಾಗುತ್ತಿತ್ತು. ಬರಿದಾದ ಬೆಂಚುಗಳ ಮುಂದೆ ಫಾಸೆಟ್ಟರು ಮಾತನಾಡುತ್ತಿದ್ದರು. ಭಾರತದ ಆದಾಯವನ್ನು ಗಡಿಯಾಚೆಯ ಯುದ್ಧಗಳಿಗೆ ಉಪಯೋಗಿಸಬೇಕಾದರೆ ಪಾರ್ಲಿಮೆಂಟಿನ ಎರಡು ಸಭೆಗಳೂ ಒಪ್ಪಬೇಕೆಂದು ಅದೇ ಕಾಯಿದೆಯಲ್ಲಿ ವಿಧಿಸಿತ್ತು. ಆದರೆ ಒಪ್ಪಿಗೆ ದುರ್ಲಭವಾಗಿರಲಿಲ್ಲ. 1867ರಲ್ಲಿ ಅಬಿಸೀನಿಯಾ ದೇಶಕ್ಕೆ ದಂಡು ಹೊರಟಾಗ, ಭಾರತದಿಂದ ಹೋದ ಸಿಪಾಯಿಗಳ ಮಾಮೂಲು ಸಂಬಳವನ್ನು ಭಾರತದ ಮೇಲೆಯೇ ಹೊರಿಸಿದರು. ಫಾಸೆಟ್ಟರು ಅದನ್ನೂ ಪ್ರತಿಭಟಿಸಿದರು.

ಭಾರತದ ಹಣಕಾಸನ್ನು ಕುರಿತು ವಿಚಾರಣೆ ನಡೆಸಲು 1871ರಲ್ಲಿ ಕಾಮನ್ಸ್ ಸಭೆಯು ಸಮಿತಿಯೊಂದನ್ನು ನೇಮಿಸಿತು. ಫಾಸೆಟ್ಟರು ಅದರ ಸದಸ್ಯರು. ನೂರಾರು ಪುಟಗಳ ಕೋಷ್ಟಕಗಳನ್ನು ಇತರರು ಓದಿ ಹೇಳಬೇಕು. ಇವರು ಕೇಳಿ ನೆನಪಿನಲ್ಲಿಡಬೇಕು. ಆಮೇಲೆ ಆ ಲೆಕ್ಕಗಳಲ್ಲೇ ನುರಿತ ಅಧಿಕಾರಿಗಳನ್ನು ಪ್ರಶ್ನಿಸಬೇಕು. ಈ ಕಷ್ಟವು ರೇಡಿಯೋ ಕೇಳುವವರಿಗೆ ಸ್ವಲ್ಪಮಟ್ಟಿಗಾದರೂ ತಿಳಿದೀತು. ಐದಾರು ಅಂಕಿಗಳನ್ನು ಬಾಯಿಂದ ಹೇಳುವುದಕ್ಕೇ ಇಲ್ಲಿ ನಾವು ಅಂಜುತ್ತೇವೆ! ಆ ಸಮಿತಿಯ ಮುಂದೆ 1873ರಲ್ಲಿ ದಾದಾಭಾಯಿ ನವರೋಜಿಯವರೂ ಸಾಕ್ಷ್ಯ ನೀಡಿದರು.

ಬ್ರೈಟನ್ನಿನ ಅಂಗಡಿಕಾರನಿಗೆ ಭಾರತದ ರೈತನಿಂದ ಆಗಬೇಕಾದುದೇನು? 1874ರ ಚುನಾವಣೆಯಲ್ಲಿ ಫಾಸೆಟ್ಟರು ಸೋತರು. ಅವರನ್ನು ಪುನಃ ಸಭೆಗೆ ಕಳುಹಿಸುವ ವೆಚ್ಚಕ್ಕೆಂದು ಭಾರತದಲ್ಲಿ ಚಂದಾ ಎತ್ತಿದರು. ಮತ ಕೊಡುವ ಹಕ್ಕಿಲ್ಲದವರು ಹಣ ಕೊಟ್ಟರು. ಅದೇ ವರ್ಷ ಲಂಡನ್ನಿನ ಹ್ಯಾಕ್ನಿ ಕ್ಷೇತ್ರವು ಅವರನ್ನು ಆರಿಸಿತು. “ಭಾರತದ ಸದಸ್ಯ”ರೆಂದು ಅವರನ್ನು ಕರೆಯುವುದು ರೂಢಿಯಾಯಿತು.

ಭಾರತಕ್ಕೆ ಸ್ವರಾಜ್ಯವು ಸಲ್ಲಬೇಕೆಂದು ಫಾಸೆಟ್ಟರು ಹೇಳಿದವರಲ್ಲ. ಆಂಗ್ಲರ ಆಳ್ವಿಕೆಯಿಂದ ಒಳಿತಾಗಬಲ್ಲುದೆಂದೇ ಅವರ ನಂಬಿಕೆ. ಅವರ ವಾದವು ಅದಕ್ಕಿಂತ ಕಿರಿದು, ಆದಕಾರಣವೇ ಹರಿತವಾದುದು: ಯಾವನ ಲಾಭಕ್ಕಾಗಿ ಖರ್ಚೋ ಅವನೇ ಅದನ್ನು ಹೊರಲಿ. 1878ರ ಆಫ್ಘನ್ ಯುದ್ಧವನ್ನು ಇಡಿಯ ಸಾಮ್ರಾಜ್ಯದ ಹಿತಕ್ಕಾಗಿ ಹೂಡಿದ್ದಾದರೆ, ಬಡ ದೇಶವೊಂದರ ಮೇಲೆ ಅದರ ಹೊರೆಯೇಕೆಂದು ಕೇಳಿದರು. ಆಗ ಸಭೆಯು ಕೇಳಲಿಲ್ಲ. ಗ್ಲಾಡ್‌ಸ್ಟನ್ನರ ಸರ್ಕಾರವು ಬಂದ ಮೇಲೆ ಆ ಯುದ್ಧದ ಲೆಕ್ಕಕ್ಕೆ ಇಂಗ್ಲೆಂಡು 50 ಲಕ್ಷ ಪೌಂಡುಗಳನ್ನು ಕೊಡಲೊಪ್ಪಿತು.

ಆ ಸರ್ಕಾರದಲ್ಲಿ ಫಾಸೆಟ್ಟರು 1880ರಿಂದ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದರು. ಮಂತ್ರಿಮಂಡಲದ ಒಳವಲಯದಲ್ಲಿ ಮಾತ್ರ ಸ್ಥಾನ ದೊರೆಯಲಿಲ್ಲ. ಒಂದೊಂದು ಪೆನ್ನಿಯ ಸ್ಟಾಂಪುಗಳನ್ನು ಕಾಗದಕ್ಕೆ ಅಂಟಿಸುತ್ತ, ಹನ್ನೆರಡಾದಾಗ ಒಂದು ಷಿಲಿಂಗೆಂದು ಉಳಿತಾಯದ ಖಾತೆಗೆ ಕಟ್ಟುವ ಸೌಕರ್ಯವು ಬಡವರಿಗೆ ದೊರೆತುದು ಅವರ ಕಾಲದಲ್ಲಿ. 1883ರ ಆಗಸ್ಟಿನಲ್ಲಿ ಪಾರ್ಸೆಲ್ ಅಂಚೆ ಮೊದಲಾಯಿತು. ಅವರ ಪತ್ನಿ ಮಿಲಿಸೆಂಟ್ ಫಾಸೆಟ್ಟರು ಮುಂದೆ ಸ್ತ್ರೀಯರ ಮತದಾನದ ಚಳವಳಿಗೆ ನಾಯಕಿಯಾದರು. ಅವರ ಚರಿತ್ರೆ ಬೇರೆಯೇ ಒಂದು ಭಾಷಣಕ್ಕೆ ಸಾಕು.

1884ರ ನವೆಂಬರ್ 6ರಂದು ಫಾಸೆಟ್ಟರು ಕೇಂಬ್ರಿಡ್ಜಿನಲ್ಲಿ ತೀರಿಕೊಂಡರು, ವಯಸ್ಸು ಐವತ್ತೊಂದು. ಸಮಿತಿಯ ಮುಂದೆ ಸಾಕ್ಷಿಯಾಗಿ ಬಂದಿದ್ದ ನವರೋಜಿಯವರು 1892ರಲ್ಲಿ ತಾವೇ ಕಾಮನ್ಸ್ ಸಭೆಗೆ ಆರಿಸಿ ಬಂದರು. 1895ರಲ್ಲಿ ಭಾರತದ ವೆಚ್ಚಗಳ ವಿಚಾರಣೆಗಾಗಿ ವೆಲ್ಬಿ ಆಯೋಗವು ನೇಮಕವಾದಾಗ ಅದರ ಸದಸ್ಯರಾಗಿ, ಯಾರ ಖರ್ಚನ್ನು ಯಾರು ಹೊರಬೇಕೆಂಬ ಲೆಕ್ಕವನ್ನು ಮತ್ತೆ ಬಿಚ್ಚಿದರು.